ಮಗಳನ್ನು ಶಾಲೆಯ ಧರ್ಮದ ಪಾಠದಿಂದ ಬಿಡಿಸಬಹುದೇ ಎಂದು ಕೇಳಿದ ತಮ್ಮನಿಗೆ

ತಮ್ಮಾ, ಇಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಕೆಲಸ ಸಿಕ್ಕಿತೆಂದು ತಿಳಿದು ಸಂತೋಷವಾಯಿತು. ಬಾಡಿಗೆ, ಚಳಿ, ಅಕ್ಕಿ ಎಲ್ಲವನ್ನೂ ಕೇಳಿದ್ದೀಯ. ಬಾಡಿಗೆ ದುಬಾರಿ. ಚಳಿಗಿಂತ ಮೂರೂವರೆ ನಾಲ್ಕಕ್ಕೆಲ್ಲ ಕವಿಯುವ ಡಿಸೆಂಬರಿನ ಕತ್ತಲೆಯೇ ಹೆಚ್ಚು ಕಾಡುತ್ತದೆ. ಅಕ್ಕಿ ಸಿಗುತ್ತದೆ.

ನಿನ್ನ ನಿಜವಾದ ಆತಂಕ ಮಗಳದ್ದು. ಇಯರ್ 10ಕ್ಕೆ, ಅಂದರೆ ನಮ್ಮ ಒಂಬತ್ತನೇ ತರಗತಿಗೆ, ಸೇರುವ ಹುಡುಗಿಗೆ ರಿಲಿಜಿಯಸ್ ಸ್ಟಡೀಸ್ ಎಂಬ ವಿಷಯ ಇದೆಯಂತೆ, ಗರ್ಭಪಾತ, ದಯಾಮರಣ, ಮರಣದಂಡನೆ ಎಲ್ಲ ಅದರಲ್ಲಿ ಬರುತ್ತವಂತೆ, ಮತಾಂತರದ ದಾರಿಯೇನಾದರೂ ಇದ್ದೀತೇ, ಬಿಡಿಸಬಹುದೇ ಎಂದು ಕೇಳಿದ್ದೀಯ.

ಬಿಡಿಸಬಹುದು. ಕಾನೂನು ತಂದೆತಾಯಿಗೆ ಆ ಹಕ್ಕು ಕೊಟ್ಟಿದೆ, ಕಾರಣವನ್ನೂ ಹೇಳಬೇಕಿಲ್ಲ. ನಮ್ಮಲ್ಲಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಇಲ್ಲಿ 1944ರ ಕಾಯಿದೆಯಿಂದಲೂ ಸರ್ಕಾರಿ ಶಾಲೆಗಳಲ್ಲಿ ಧರ್ಮದ ಪಾಠ ಕಡ್ಡಾಯ. ಚರ್ಚಿನ ಶಾಲೆಗಳ ರೀತಿ ಬೇರೆ. ಉಳಿದ ಕಡೆ ಯಾರೂ ಮಗುವನ್ನು ಯಾವ ದೇವರ ಕಡೆಗೂ ಎಳೆಯುವುದಿಲ್ಲ. ಆದರೂ ಬಿಡಿಸಬೇಡ ಎಂದೇ ನನ್ನ ಮಾತು.

ನಾವು ಬಂದಾಗ ನಮ್ಮ ಹುಡುಗನಿಗೂ ಅದೇ ವಯಸ್ಸು. ಹದಿನಾರರ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಎರಡು ಧರ್ಮಗಳನ್ನು ಓದಬೇಕು. ಜತೆಗೆ ಕುಟುಂಬ, ಜೀವ, ಯುದ್ಧ, ಅಪರಾಧ ಮತ್ತು ಶಿಕ್ಷೆಯಂಥ ವಿಷಯಗಳು. ಅವನ ಶಾಲೆಯ ಪತ್ರಿಕೆಯಲ್ಲಿ 12 ಅಂಕದ ಪ್ರಶ್ನೆ ಎಂದರೆ ಒಂದು ಹೇಳಿಕೆ. ಕೊಲೆಗೆ ಮರಣದಂಡನೆಯೇ ತಕ್ಕ ಶಿಕ್ಷೆ ಎಂದು ಕೊಟ್ಟಿದ್ದರು. ಇವನು ಕೊಡವರ ರಕ್ತವಲ್ಲವೇ, ಹೌದು ಎಂದು ಪುಟ ತುಂಬ ಗುಡುಗಿದ. ಟೀಚರ್ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: ‘ಇದನ್ನು ಒಪ್ಪದವರು ಏನು ಹೇಳುತ್ತಾರೆ?’ ಅಂಕ ನಾಲ್ಕು. ಒಪ್ಪುವವರ ಕಾರಣ, ಒಪ್ಪದವರ ಕಾರಣ, ಧರ್ಮಗಳ ಬೋಧನೆ, ಕೊನೆಗೆ ತೂಗಿ ನೋಡಿದ ತೀರ್ಮಾನ, ಇಷ್ಟೂ ಬೇಕು. ಮಗುವಿನ ನಂಬಿಕೆ ಏನೇ ಇರಲಿ, ಅದಕ್ಕೆ ಅಂಕವಿಲ್ಲ.

ಇದು ಶಾಲೆಯಲ್ಲಿ ಮುಗಿಯುವುದಿಲ್ಲ, ಊಟದ ಮೇಜಿಗೂ ಬರುತ್ತದೆ. ‘ದೊಡ್ಡವರು ಹೇಳಿದ್ದಾರೆ, ಸುಮ್ಮನಿರು’ ಎಂಬ ಮಾತು ಇಲ್ಲಿ ನಡೆಯದು. ಅದನ್ನು ನುಂಗಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಶಾಲೆಯ ಪುಸ್ತಕಗಳಲ್ಲಿ ಅಲ್ಲಿ ಇಲ್ಲಿ ಕಾಣುವ ಹಿಂದೂ ಸಸ್ಯಾಹಾರಿ, ಆರತಿ ಎತ್ತುವವನು, ಅಹಿಂಸಾವಾದಿ. ನಮ್ಮ ಮನೆಯಲ್ಲಿ ಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಮಾಂಸ, ಮದ್ಯ ಇಡುತ್ತೇವೆ. ಮದುವೆಗೆ ಪುರೋಹಿತನೇ ಇಲ್ಲ. ಹಾಗಾದರೆ ನಾವು ಯಾರು ಎಂದು ಹುಡುಗ ಕೇಳಿದ. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದು ಹಬ್ಬದಲ್ಲಿ ಕೋವಿಗೆ ತೋಕ್‌ಪೂವಿಟ್ಟು ಪೂಜಿಸುತ್ತೇವೆಂದು ತರಗತಿಯಲ್ಲಿ ಹೇಳಿ ಬಂದ ದಿನವೇ ಶಾಲೆಯಿಂದ ನನಗೆ ಫೋನ್ ಬಂತು. ಇದು ಹಬ್ಬ, ಬೇಟೆಯ ಕಾಲದಿಂದ ಬಂದ ಕಟ್ಟಳೆ ಎಂದು ವಿವರಿಸಿದೆ. ಮರುವಾರ ಟೀಚರ್ ಅವನಿಂದಲೇ ಅದರ ಬಗ್ಗೆ ಮಾತನಾಡಿಸಿದರು. ಅದಕ್ಕೆ ನನಗೆ ಈಗಲೂ ಹೆಮ್ಮೆ.

ಹೊರಡುವ ಮುಂಚೆ ಮಗಳನ್ನು ನಮ್ಮ ಕುಲದ ಮೂಲಮನೆಯಾದ ಐನ್‌ಮನೆಗೆ ಕರೆದುಕೊಂಡು ಹೋಗು. ನಡುಮನೆಯ, ಅದೇ ನೆಲ್ಲಕ್ಕಿ ನಡುಬಾಡೆಯ, ದೀಪ ಯಾರಿಗಾಗಿ ಎಂದು ಅಜ್ಜನನ್ನೇ ಅವಳು ಕೇಳಲಿ, ನೀನು ನಡುವೆ ಬಾಯಿ ಹಾಕಬೇಡ. ಮಡಿಕೇರಿಯ ಸನ್ನಿಸೈಡಿಗೂ, ಜನರಲ್ ತಿಮ್ಮಯ್ಯನವರ ಮನೆಗೂ, ಹೋಗಿ ಬನ್ನಿ. ಅವರು ಕೊರಿಯಾ ಯುದ್ಧದ ನಂತರ, ತಮ್ಮ ದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿರುವಾಗಲೇ ತೀರಿಕೊಂಡವರು. ಯುದ್ಧ ಮತ್ತು ಶಾಂತಿಯ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅವಳ ತರಗತಿಯಲ್ಲಿ ಇನ್ನಾರ ಬಳಿ ಇದ್ದೀತು?

ಶಾಲೆಗೆ ಮೊದಲೇ ಮಿಂಚಂಚೆ ಬರೆದು ಯಾವ ಎರಡು ಧರ್ಮ ಕಲಿಸುತ್ತಾರೆಂದು ಕೇಳಿಕೋ. ಹಿಂದೂ ಧರ್ಮವೇ ಇರುತ್ತದೆಂದು ಎಣಿಸಬೇಡ. ನಮ್ಮ ಹುಡುಗ ಓದಿದ್ದು ಕ್ರೈಸ್ತ ಮತ್ತು ಇಸ್ಲಾಂ. ನಮ್ಮ ಅಡುಗೆಯ ಹುಳಿರಸ ಕಾಚಂಪುಳಿಯ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡು, ಕೈಚೀಲದಲ್ಲಿ ಬಿಡುವುದಿಲ್ಲ. ನನಗೂ ಒಂದು ತಾ.