ಐಸ್ ಅಗಿಯುವ ಚಪಲ ಮತ್ತು ಆ 6.2

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಆರೇಳು ತಿಂಗಳಿಂದ ವಿಪರೀತ ಸುಸ್ತು. ಒಂದು ಮಹಡಿ ಹತ್ತಿದರೆ ಏದುಸಿರು, ಎದೆ ಡವಡವ. ಹೋದ ವಾರ ಜ್ವರ, ಕೆಮ್ಮು ಬಂತು. ಹೇಗೂ ರಕ್ತ ಕೊಡ್ತೀನಲ್ಲ ಅಂತ ಎಲ್ಲಾ ಟೆಸ್ಟ್ ಮಾಡಿಸಿದೆ. ಹಿಮೋಗ್ಲೋಬಿನ್ 8.4, ಎಂಸಿವಿ 66, ಆರ್‌ಬಿಸಿ 4.1, ಫೆರಿಟಿನ್ 38, ಸಿಆರ್‌ಪಿ 48. ಖಾಲಿ ಹೊಟ್ಟೆಯ ಶುಗರ್ 88, ಎಚ್‌ಬಿಎ1ಸಿ 6.2. ಫೆರಿಟಿನ್ ನಾರ್ಮಲ್, ಹಾಗಾಗಿ ಕಬ್ಬಿಣದ ಕೊರತೆ ಇಲ್ಲ, ಶುಗರ್ ಶುರುವಾಗಿ ಸುಸ್ತು ಅಂತ ಮನೆಯಲ್ಲಿ ಹೇಳ್ತಾರೆ. ಹೌದಾ? ಇನ್ನೊಂದು, ನಗಬೇಡಿ: ದಿನಾ ಫ್ರಿಜ್‌ನಿಂದ ಐಸ್ ತೆಗೆದು ಕಟಕಟ ಅಗಿಯಬೇಕು ಅನ್ಸುತ್ತೆ.
– ಹೆಸರು ಬೇಡ

ಉತ್ತರ: ನಗೋದಿಲ್ಲಮ್ಮ. ನಿಮ್ಮ ಕಾಗದದಲ್ಲಿ ನಾನು ಮೊದಲು ಗೆರೆ ಎಳೆದದ್ದೇ ಆ ಕೊನೆಯ ಸಾಲಿಗೆ. ಈ ಚಪಲಕ್ಕೆ ಪ್ಯಾಗೋಫೇಜಿಯಾ ಅಂತ ಬಾಯಿ ತುಂಬುವ ಹೆಸರಿದೆ. ಕಬ್ಬಿಣ ಕಡಿಮೆಯಾದವರಲ್ಲಿ ಕಾಣುತ್ತದೆ. ಮಾತ್ರೆ ಶುರು ಮಾಡಿದ ಮೇಲೆ, ಹಿಮೋಗ್ಲೋಬಿನ್ ಪೂರ್ತಿ ಏರುವ ಮೊದಲೇ, ಚಪಲ ಮಾಯವಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಈಗ ಅಂಕಿಗಳಿಗೆ ಬರೋಣ. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ. 80ರ ಮೇಲಿರಬೇಕು, ನಿಮ್ಮದು 66. ಕಣ ಇಷ್ಟು ಸಣ್ಣದಾದರೆ ಅನುಮಾನ ಮುಖ್ಯವಾಗಿ ಇಬ್ಬರ ಮೇಲೆ: ಕಬ್ಬಿಣದ ಕೊರತೆ, ಇಲ್ಲವೇ ಹುಟ್ಟಿನಿಂದಲೇ ಬಂದ ಥಲಸ್ಸೀಮಿಯಾ ಟ್ರೇಟ್, ಅಂದರೆ ಹಿಮೋಗ್ಲೋಬಿನ್ ತಯಾರಿಯಲ್ಲಿನ ವಂಶಪಾರಂಪರ್ಯ ದೋಷ. ಒಂದು ಸಣ್ಣ ಲೆಕ್ಕವಿದೆ. ಎಂಸಿವಿಯನ್ನು ಆರ್‌ಬಿಸಿಯಿಂದ, ಅಂದರೆ ಕೆಂಪು ಕಣಗಳ ಸಂಖ್ಯೆಯಿಂದ, ಭಾಗಿಸಿ. 66 ಭಾಗಿಸು 4.1, ಸುಮಾರು 16. ಉತ್ತರ 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆಗೆ ಬೆರಳು. ಟ್ರೇಟ್ ಇದ್ದವರಲ್ಲಿ ಕಣ ಸಣ್ಣದಾದರೂ ಸಂಖ್ಯೆ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಇದು ಬರೀ ಸುಳಿವು, ತೀರ್ಪಲ್ಲ.

ಹಾಗಾದರೆ ಫೆರಿಟಿನ್ 38 ಹೇಗೆ? ಫೆರಿಟಿನ್ ಕಬ್ಬಿಣದ ಉಗ್ರಾಣದ ಲೆಕ್ಕ. ಆದರೆ ಸೋಂಕು ತಗುಲಿದಾಗ ಉಗ್ರಾಣ ಖಾಲಿ ಇದ್ದರೂ ಅದು ಮೇಲೇರುತ್ತದೆ. ನೀವು ರಕ್ತ ಕೊಟ್ಟದ್ದು ಜ್ವರದಲ್ಲಿ. ಸೋಂಕು, ಉರಿಯೂತ ಇದ್ದಾಗ ಏರುವ ಸಿಆರ್‌ಪಿ 48 ಇರುವುದು ಅದನ್ನೇ ಕೂಗಿ ಹೇಳುತ್ತಿದೆ. ಆರೋಗ್ಯವಾಗಿರುವ ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗೆರೆ 15. ಸೋಂಕು ಇದ್ದಾಗ ಅದೇ ಗೆರೆ 70. ಅಂದಮೇಲೆ ನಿಮ್ಮ 38 ಕಡಿಮೆಯೇ. ನಿಮಗೆ ಜ್ವರ ಇತ್ತು ಅಂತ ರಿಪೋರ್ಟ್ ಪ್ರಿಂಟ್ ಮಾಡುವ ಮೆಷಿನ್ನಿಗೆ ಏನು ಗೊತ್ತು, ಅಲ್ವಾ?

6.2ಕ್ಕೂ ಇದೇ ಕಥೆ. ಎಚ್‌ಬಿಎ1ಸಿ ಅಳೆಯುವುದು ಕೆಂಪು ಕಣಗಳಿಗೆ ಅಂಟಿದ ಸಕ್ಕರೆಯನ್ನು. ಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣವಿಲ್ಲದೆ ಹೊಸ ಕಣ ಹುಟ್ಟುವುದು ನಿಧಾನವಾದರೆ ರಕ್ತದಲ್ಲಿ ಹಳೆಯವೇ ಜಾಸ್ತಿ ಓಡಾಡುತ್ತವೆ, ಅವಕ್ಕೆ ಸಕ್ಕರೆ ಮೆತ್ತಿಕೊಂಡದ್ದೂ ಜಾಸ್ತಿ. ಹಾಗಾಗಿ ಅಂಕಿ ಸುಮ್ನೆ ಏರಿ ಕಾಣಬಹುದು. ಸದ್ಯಕ್ಕೆ ನಾನು ನಂಬುವುದು ಖಾಲಿ ಹೊಟ್ಟೆಯ ಆ 88ನ್ನು, ಅದು ನಾರ್ಮಲ್. ಊಟದ ನಂತರದ ಶುಗರ್ ಕೂಡ ಒಮ್ಮೆ ನೋಡಿಸಿ. ರಕ್ತ ಸರಿಹೋಗಿ ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿದರಾಯಿತು.

ಇಷ್ಟಕ್ಕೇ ನಿಲ್ಲಿಸಿ ನಾನೊಮ್ಮೆ ಕೆಟ್ಟಿದ್ದೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತು. 58ರ ಒಬ್ಬರು, ಹಿಮೋಗ್ಲೋಬಿನ್ 9. ಕಬ್ಬಿಣದ ಮಾತ್ರೆ ಬರೆದೆ. 12ಕ್ಕೆ ಏರಿತು, ಇಬ್ಬರಿಗೂ ಖುಷಿ. ಆರು ತಿಂಗಳಿಗೆ 7 ಇಟ್ಟುಕೊಂಡು ವಾಪಸ್ ಬಂದರು. ಆಗ ಕೇಳಿದೆ, ಬೇರೆ ಏನಾದರೂ ಮಾತ್ರೆ ನುಂಗ್ತೀರಾ ಅಂತ. ಮಂಡಿನೋವಿಗೆ ನೋವಿನ ಮಾತ್ರೆ ದಿನಾ ಎರಡು, ವರ್ಷಗಳಿಂದ! ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಜಿನುಗುತ್ತಿತ್ತು. ನಾನು ತೂತು ನೋಡದೆ ಕೊಡ ತುಂಬಿಸುತ್ತಿದ್ದೆ.

ನಿಮ್ಮ ಕಾಗದದಲ್ಲಿ ಮುಟ್ಟಿನ ಬಗ್ಗೆ ಒಂದು ಸಾಲೂ ಇಲ್ಲ. ಎಷ್ಟು ದಿನ ಹೋಗುತ್ತದೆ? ಗಡ್ಡೆ ಗಡ್ಡೆಯಾಗಿ ಬೀಳುತ್ತದಾ? ರಾತ್ರಿ ಎದ್ದು ಪ್ಯಾಡ್ ಬದಲಿಸಬೇಕಾ? ಹೌದಾದರೆ ಗರ್ಭಕೋಶದ ಸ್ಕ್ಯಾನ್ ಬೇಕಾಗಬಹುದು. ಅಲ್ಲವಾದರೆ ಹೊಟ್ಟೆ, ಕರುಳಿನ ಕಡೆ ಹುಡುಕಬೇಕು. ಇದನ್ನೆಲ್ಲ ಬರೆದುಕೊಂಡು ಈ ವಾರವೇ ಡಾಕ್ಟರ್ ಹತ್ತಿರ ಹೋಗಿ, 8.4 ಕಾಯಿಸುವ ಅಂಕಿಯಲ್ಲ. ಮಲ ಕಪ್ಪಗೆ ಹೋದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ.

ಮಾತ್ರೆ ಕೊಟ್ಟರೆ ಹಿಮೋಗ್ಲೋಬಿನ್ ಸರಿಹೋಯಿತು ಅಂತ ತಕ್ಷಣ ಬಿಡಬೇಡಿ. ಉಗ್ರಾಣ ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು. ಐಸ್ ಟ್ರೇ ನೆನಪೇ ಆಗದ ದಿನ ಬಂದರೆ ಆ ತಾರೀಕು ಗುರುತು ಹಾಕಿಟ್ಟು ನನಗೊಂದು ಸಾಲು ಬರೆಯಿರಿ.