ರಾಮನದುರ್ಗ ಹತ್ತಿದರೆ ಕೀನ್ಯಾದವರಂಗ ಓಡಬಹುದೇನು?

ಪ್ರಶ್ನೆ: ಸರ್, ಮ್ಯಾರಥಾನ್ ಎಲ್ಲಿ ನಡೆದ್ರೂ ಕೀನ್ಯಾ, ಇಥಿಯೋಪಿಯಾದವರೇ ಮುಂದ ಇರ್ತಾರ. ಅದು ಅವರ ರಕ್ತದಾಗ ಐತೋ, ಗುಡ್ಡದ ಗಾಳಿಯಾಗ ಐತೋ? ನಾನು ಪೊಲೀಸ್ ಭರ್ತಿಗೆ ಓಡಾಕ ಹತ್ತೀನಿ. ದಿನಾ ನಮ್ಮ ರಾಮನದುರ್ಗ ಗುಡ್ಡ ಹತ್ತಿದ್ರ ಉಪಯೋಗ ಆಗತೈತೇನು?
— ಓದುಗ, ಸಂಡೂರು

ಉತ್ತರ: ತಮ್ಮಾ, ಭರ್ತಿಗೆ ನೀನು ಓಡಬೇಕಾದ 1600 ಮೀಟರಿನ ಲೆಕ್ಕದಿಂದಲೇ ಶುರು ಮಾಡೋಣ. ಭರ್ತಿಯಲ್ಲಿ ಗಂಡುಹುಡುಗರಿಗೆ ಆರೂವರೆ ನಿಮಿಷ ಕೊಡುತ್ತಾರೆ. ಅಷ್ಟಕ್ಕೇ ಕೊನೆಯ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡು ನಿಲ್ಲುವವರನ್ನು ಬಳ್ಳಾರಿ ಮೈದಾನದಲ್ಲಿ ಎಷ್ಟೋ ಮಂದಿ ನೋಡಿದ್ದೇನೆ. ಕೀನ್ಯಾದ ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ 42.195 ಕಿ.ಮೀ. ಓಡಿದ್ದು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ. ಅಂದರೆ ನಿನ್ನ 1600 ಮೀಟರನ್ನು 4 ನಿಮಿಷ 32 ಸೆಕೆಂಡಿನಂತೆ, ಒಂದರ ಬೆನ್ನಿಗೊಂದು 26 ಸಲ! (ಸರದಿಯ ಮೇಲೆ ಜೊತೆಗಾರರು ಮುಂದೆ ಓಡಿ ಗಾಳಿ ತಡೆದಿದ್ದರಿಂದ ಅದನ್ನು ವಿಶ್ವದಾಖಲೆಗೆ ಹಿಡಿಯಲಿಲ್ಲ.)

ಗುಡ್ಡದ ಮಾತು ಸುಳ್ಳಲ್ಲ. ಕೀನ್ಯಾದ ಇಟೆನ್ ಸುಮಾರು 2400 ಮೀಟರ್ ಎತ್ತರದಲ್ಲಿದೆ, ಇಥಿಯೋಪಿಯಾದ ಬೆಕೋಜಿ 2800ರ ಆಸುಪಾಸು. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ, ಅದಕ್ಕೇ ದೇಹ ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳುತ್ತದೆ. ಆದರೆ ವಾರಗಟ್ಟಲೆ ಅಲ್ಲೇ ಇರಬೇಕು. ನಮ್ಮ ರಾಮನದುರ್ಗ ಸಾವಿರ ಮೀಟರಿನ ಹತ್ತಿರ ಅಷ್ಟೇ. ಬ್ರಿಟಿಷರು ಅಲ್ಲಿಗೆ ಹೋಗುತ್ತಿದ್ದುದು ತಂಪಿಗೆ! ಬೆಳಿಗ್ಗೆ ಹತ್ತಿ ಇಳಿದರೆ ತೊಡೆ ಗಟ್ಟಿಯಾದೀತು, ರಕ್ತ ಬದಲಾಗದು.

ಇನ್ನು ವಂಶ. ಕೀನ್ಯಾದ ಗೆಲ್ಲುಗಾರರಲ್ಲಿ ಬಹುಪಾಲು ಕಲೆಂಜಿನ್ ಸಮುದಾಯದವರು. ಸಪೂರ ಮೀನಖಂಡ, ಹಾಗಾಗಿ ಹೆಜ್ಜೆಹೆಜ್ಜೆಗೂ ಎತ್ತುವ ಭಾರ ಕಡಿಮೆ. ಆದರೆ ಇದೇ ಓಟದ ಜೀನ್ ಅಂತ ಯಾರೂ ಬೊಟ್ಟು ಮಾಡಿ ತೋರಿಸಿಲ್ಲ. ಎತ್ತರವೊಂದೇ ಸಾಕಾಗಿದ್ದರೆ ನೇಪಾಳದವರೂ ಪದಕ ಬಾಚಬೇಕಿತ್ತು.

ನನಗೆ ದೊಡ್ಡದಾಗಿ ಕಾಣುವುದು ಊರಿನ ಹುಚ್ಚು. ದೆರಾರ್ತು ತುಲು, ಕೆನೆನಿಸಾ ಬೆಕೆಲೆ, ತಿರುನೇಶ್ ದಿಬಾಬಾ, ಮೂವರೂ ಒಲಿಂಪಿಕ್ ಚಿನ್ನದವರು, ಮೂವರೂ ಬೆಕೋಜಿ ಕಡೆಯವರು. ಎದುರುಮನೆಯ ಹುಡುಗಿ ಚಿನ್ನ ತಂದರೆ ಉಳಿದವರು ಮನೆಯಲ್ಲಿ ಕೂತಾರೇ? ಇಥಿಯೋಪಿಯಾದ ಇನ್ನೊಬ್ಬ ಓಟಗಾರ ಹೈಲೆ ಗೆಬ್ರೆಸಿಲಾಸಿ ಶಾಲೆಗೆ 10 ಕಿ.ಮೀ. ಓಡುತ್ತಿದ್ದ, ಪುಸ್ತಕ ಹಿಡಿದು ರೂಢಿಯಾದ ಎಡಗೈ ದೊಡ್ಡ ಸ್ಪರ್ಧೆಗಳಲ್ಲೂ ಮಡಚಿಕೊಂಡೇ ಇರುತ್ತಿತ್ತು. ಗೆದ್ದ ಹಣದಲ್ಲಿ ಹೊಲ ಕೊಳ್ಳಬಹುದು ಅನ್ನುವ ಆಸೆಯೂ ಓಡಿಸುತ್ತದೆ. ಆ ಆಸೆಗೇ ನಿಷೇಧಿತ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದವರೂ ಅಲ್ಲಿ ಕಡಿಮೆಯಿಲ್ಲ.

ಇಟೆನ್‌ನಲ್ಲಿ ಘಟಾನುಘಟಿಗಳೂ ಹಗುರದ ದಿನ ಗುಂಪಾಗಿ, ಮಾತಾಡಿಕೊಂಡು ಮಣ್ಣುರಸ್ತೆಯಲ್ಲಿ ನಿಧಾನ ಓಡುತ್ತಾರೆ. ನೀನು ದಿನಾ ಸ್ಟಾಪ್‌ವಾಚ್ ಹಿಡಿದು ಜೀವ ಬಿಡಬೇಡ. ವಾರಕ್ಕೆರಡು ದಿನ ಜೋರು, ಉಳಿದ ದಿನ ಗೆಳೆಯರ ಜೊತೆ ಮೆಲ್ಲಗೆ. ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಮಾತ್ರ ಬೇಡ, ಆ ಕೆಂಪು ಧೂಳು ಎದೆಗೆ ಇಳಿಯುತ್ತದೆ.