ತೆಂಗಿನ ಮರ ಕಡಿಸಿದ ಮೇಲೆ ಹಿತ್ತಲಲ್ಲಿ ಉಳಿದ ಬೊಡ್ಡೆ ತೆಗೆಯುವುದು ಹೇಗೆ? ಹಾಗೇ ಕೊಳೆಯಲು ಬಿಡಬಹುದಾ?

ಬಿಡಬೇಡಿ, ಅದರಲ್ಲೂ ಅಕ್ಕಪಕ್ಕ ಬೇರೆ ತೆಂಗಿನ ಮರ ಇದ್ದರೆ. ಕೊಳೆತ ಬೊಡ್ಡೆಯಲ್ಲಿ ರೈನೋಸರಸ್ ದುಂಬಿ ಮೊಟ್ಟೆ ಇಡುತ್ತದೆ. ತಲೆ ಮೇಲೆ ಕೊಂಬಿರುವ ಕರಿ ದುಂಬಿ ಅದು. ಬೆಳೆದ ಮೇಲೆ ಹತ್ತಿರದ ಮರದ ಸುಳಿ ಕೊರೆಯುತ್ತದೆ. ಆಮೇಲೆ ಬಿಚ್ಚಿಕೊಳ್ಳುವ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

ತೆಂಗಿಗೆ ತಾಯಿಬೇರು ಇಲ್ಲ, ಅದೇ ನಮಗೆ ಅನುಕೂಲ. ಬೆರಳು ಗಾತ್ರದ ಬೇರುಗಳು ಸಾವಿರಾರು ಇರುತ್ತವೆ, ಅಷ್ಟೇ. ಹಿಂದಿನ ದಿನ ಬುಡಕ್ಕೆ ಚೆನ್ನಾಗಿ ನೀರು ಬಿಡಿ. ಸುತ್ತ ಒಂದೂವರೆ ಅಡಿ ಅಗಲ ಗುಂಡಿ ತೋಡುತ್ತಾ, ಸಿಕ್ಕ ಬೇರುಗಳನ್ನು ಹಾರೆಯಿಂದ ಕಡಿಯುತ್ತಾ ಹೋಗಿ. ಕೊಡಲಿ ಬೇಡ, ಮಣ್ಣಿಗೆ ತಾಗಿ ಮೊಂಡಾಗುತ್ತದೆ. ಅಡಿಯ ಬೇರುಗಳು ಅರ್ಧ ಕಡಿದಾದ ಮೇಲೆ ಬೊಡ್ಡೆ ಅಲುಗಾಡಲು ಶುರುವಾಗುತ್ತದೆ. ಮೂರ್ನಾಲ್ಕು ಅಡಿ ಎತ್ತರ ಉಳಿಸಿ ಕಡಿಸಿದ್ದರೆ ಇನ್ನೂ ಒಳ್ಳೆಯದು. ತುದಿಗೆ ಹಗ್ಗ ಕಟ್ಟಿ ಎಳೆದರೆ ಸುಲಭವಾಗಿ ಮಗುಚಿಕೊಳ್ಳುತ್ತದೆ.

ಉಪ್ಪು, ಆಸಿಡ್ ಸುರಿಯುವುದು ಸುಮ್ನೆ ದಂಡ. ತೆಂಗಿನ ಬೊಡ್ಡೆ ಮತ್ತೆ ಚಿಗುರುವುದೇ ಇಲ್ಲ, ಮಣ್ಣು ಮಾತ್ರ ಕೆಡುತ್ತದೆ. ಕಿತ್ತ ಬೊಡ್ಡೆಯನ್ನು ಮೂಲೆಗೆ ಎಸೆಯದೆ ಸೀಳಿ ಒಣಗಿಸಿ, ಹಂಡೆ ಒಲೆಗೆ ಹಾಕಿ.